ಒಳಮುಖಕ್ಕೆ ಬೆಳೆದ ಕಲ್ಲು

1899ರಲ್ಲಿ ಜರ್ಮನಿಯ ಯೊಹಾನೆಸ್ ರೈಬಿಷ್ ಪ್ಲೇಸ್ ಎಂಬ ಚಪ್ಪಟೆ ಮೀನಿನ ಕಿವಿಗಲ್ಲಿನಲ್ಲಿ ವರ್ಷಕ್ಕೊಂದರಂತೆ ಉಂಗುರ ಮೂಡುವುದನ್ನು ತೋರಿಸಿದರು. ತಲೆಬುರುಡೆಯೊಳಗೆ ಎಡಕ್ಕೆ ಮೂರು, ಬಲಕ್ಕೆ ಮೂರು ಇರುವ ಈ ಹರಳುಗಳನ್ನು ಕಿವಿಮೂಳೆ ಎನ್ನುವುದುಂಟು. ನಿಜಕ್ಕೂ ಅದು ಸುಣ್ಣದ ಕಲ್ಲು. ಮೀನಿಗೆ ಆಯ ತಪ್ಪದೆ ಈಜಲಿಕ್ಕೂ ಸದ್ದು ಕೇಳಲಿಕ್ಕೂ ಅದು ಬೇಕು. ಮೂಳೆಯ ಹಾಗೆ ಕರಗಿ ಮತ್ತೆ ಕಟ್ಟಿಕೊಳ್ಳುವ ಗುಣ ಇದಕ್ಕಿಲ್ಲ. ಒಮ್ಮೆ ಕೂತ ಪದರ ಮೀನು ಸಾಯುವವರೆಗೂ ಹಾಗೇ ಇರುತ್ತದೆ. ಹಾಗಾಗಿ ಎಣಿಸಿದರೆ ವಯಸ್ಸು ಸಿಕ್ಕಿತು.

ಎಣಿಸುವುದೂ ಸುಲಭವೇ ಆಗಿತ್ತು. ಇಡೀ ಕಲ್ಲನ್ನು ನೀರಿನಲ್ಲಿಟ್ಟು, ಸೂಕ್ಷ್ಮದರ್ಶಕದಡಿ ಮೇಲ್ಮೈ ನೋಡಿದರಾಯಿತು. ಉತ್ತರ ಪೆಸಿಫಿಕ್‌ನ ಆಳದಲ್ಲಿ ಸಿಗುವ ಕೆಂಪು ಮೀನು ಪೆಸಿಫಿಕ್ ಓಶನ್ ಪರ್ಚ್‌ನ ವಯಸ್ಸನ್ನೂ ಹಾಗೆಯೇ ಓದಿದರು. ಎಷ್ಟು ಮುದಿ ಮೀನಾದರೂ ಮೂವತ್ತರ ಆಸುಪಾಸಿಗೆ ಲೆಕ್ಕ ನಿಂತುಬಿಡುತ್ತಿತ್ತು. 1960ರ ದಶಕದಲ್ಲಿ ಸೋವಿಯತ್ ಮತ್ತು ಜಪಾನಿ ಟ್ರಾಲರ್‌ಗಳು ಈ ಮೀನಿನ ಮೇಲೆ ಮುಗಿಬಿದ್ದವು. ಅಲಾಸ್ಕಾ ಕೊಲ್ಲಿಯೊಂದರಲ್ಲೇ 1965ರಲ್ಲಿ ಸುಮಾರು ಮೂರೂವರೆ ಲಕ್ಷ ಟನ್ ಹಿಡಿದರು. ಆಮೇಲೆ ಬಲೆಗೆ ಬೀಳುವುದು ಕುಸಿಯಿತು, ಬೇಗ ಚೇತರಿಸಿಕೊಳ್ಳಲೂ ಇಲ್ಲ.

ಕೆನಡಾದ ಪಶ್ಚಿಮ ಕರಾವಳಿಯ ನನೈಮೊದಲ್ಲಿ ಪೆಸಿಫಿಕ್ ಬಯಲಾಜಿಕಲ್ ಸ್ಟೇಷನ್ ಇದೆ. ಅಲ್ಲಿನ ರಿಚರ್ಡ್ ಬೀಮಿಷ್ ಈ ಪರ್ಚ್‌ನ ಕಲ್ಲುಗಳ ಮೇಲ್ಮೈ ನೋಡುವುದಕ್ಕೇ ನಿಲ್ಲದೆ ಅವುಗಳ ಒಳಗನ್ನು ಅಡ್ಡಲಾಗಿ ನೋಡಿದರು. ಹೀಗೆ ಓದುವ ಒಂದು ಸಲೀಸಾದ ದಾರಿ ಆಗಲೇ ಇತ್ತು: ಕಲ್ಲನ್ನು ನಡುವೆ ಮುರಿದು, ಮುರಿದ ಮುಖವನ್ನು ಸ್ಪಿರಿಟ್ ದೀಪದ ಉರಿಗೆ ಹಿಡಿದರೆ ಚಳಿಗಾಲದ ಪದರಗಳು ಕಂದುಗಟ್ಟಿ ಎದ್ದು ಕಾಣುತ್ತವೆ. ಕ್ರಿಸ್ಟೆನ್ಸನ್ ಎಂಬುವರು 1964ರಲ್ಲೇ ಸೋಲ್ ಮೀನಿಗಾಗಿ ಇದನ್ನು ವಿವರಿಸಿದ್ದರು. ಕೈಗೆಟುಕುವಲ್ಲೇ ಇದ್ದ ಉಪಾಯ ಪರ್ಚ್‌ನ ತನಕ ಬರಲು ಇಷ್ಟು ವರ್ಷ ಯಾಕೆ ಹಿಡಿಯಿತು? ಮೇಲ್ಮೈಯಲ್ಲಿ ಸಿಗುತ್ತಿದ್ದ ಸಂಖ್ಯೆ ನಂಬಿಕೊಳ್ಳಲು ಹಿತವಾಗಿತ್ತು ಎಂಬುದೇ ಕಾರಣವಿರಬೇಕು.

ಅಡ್ಡ ಮುಖದಲ್ಲಿ ಕಂಡದ್ದು ಬೇರೆಯೇ. ಎಳೆಯ ಮೀನಿನ ಕಲ್ಲು ತೆಳ್ಳಗೆ, ಎಲೆಯಾಕಾರದಲ್ಲಿದ್ದು ಉದ್ದಕ್ಕೂ ಅಗಲಕ್ಕೂ ಬೆಳೆಯುತ್ತದೆ. ಮೀನಿನ ಮೈ ಬೆಳೆಯುವುದು ನಿಂತಂತೆ ಕಲ್ಲೂ ಉದ್ದವಾಗುವುದನ್ನು ಬಿಡುತ್ತದೆ, ಬೆಳೆಯುವುದನ್ನು ಮಾತ್ರ ಬಿಡುವುದಿಲ್ಲ. ಮುಂದಿನ ಪದರಗಳೆಲ್ಲ ಒಳಗಡೆಯ ಮುಖದ ಮೇಲಷ್ಟೇ ಕೂರುತ್ತವೆ. ಮನೆಯ ಗೋಡೆಗೆ ಒಳಬದಿಯಲ್ಲಿ ಮಾತ್ರ ವರ್ಷವರ್ಷ ಸುಣ್ಣ ಬಳಿದರೆ ಬೀದಿಯಲ್ಲಿ ನಿಂತವನಿಗೆ ಏನು ಗೊತ್ತಾದೀತು? ಮುದಿ ಮೀನಿನ ಕಲ್ಲು ಹೀಗೆ ದಪ್ಪಗಾಗುತ್ತ ಹೋಗಿತ್ತು. ಹೊರಮುಖ ನೋಡಿ ಎಣಿಸಿದವರಿಗೆ ಆ ದಶಕಗಳು ಕಾಣಿಸಿರಲೇ ಇಲ್ಲ. 1979ರಲ್ಲಿ ಬೀಮಿಷ್ ಪ್ರಕಟಿಸಿದ ಲೆಕ್ಕದಲ್ಲಿ ಪರ್ಚ್‌ನ ಆಯುಸ್ಸು ತೊಂಬತ್ತರ ಹತ್ತಿರ ಹೋಯಿತು. ಡೋರಿಸ್ ಚಿಲ್ಟನ್ ಅವರೊಂದಿಗೆ ಸೇರಿ ಮುರಿದು ಸುಡುವ ಕ್ರಮವನ್ನು ಅವರು 1982ರಲ್ಲಿ ಕೈಪಿಡಿಯಾಗಿಯೇ ಬರೆದರು.

ಅರ್ಧ ಮೀಟರಿನಷ್ಟು ಉದ್ದದ ಮೀನು ಮನುಷ್ಯನಷ್ಟು ಕಾಲ ಬದುಕುತ್ತದೆ ಎಂದರೆ ಯಾರಾದರೂ ಹುಬ್ಬೇರಿಸುವವರೇ. ಅಷ್ಟು ಒತ್ತಾದ ಗೆರೆಗಳೆಲ್ಲ ವರ್ಷಕ್ಕೊಂದೇ ಎಂದು ಹೇಗೆ ನಂಬುವುದು? ಉಂಗುರ ಎಣಿಸದೆಯೇ ವಯಸ್ಸು ಹೇಳುವ ಸಾಕ್ಷಿ ಬೇಕಿತ್ತು. ಅದು 1982ರಲ್ಲಿ, ಇದೇ ಕುಲದ ಇನ್ನೊಂದು ಮೀನಾದ ಸ್ಪ್ಲಿಟ್‌ನೋಸ್ ರಾಕ್‌ಫಿಶ್‌ನಿಂದ ಬಂತು. ಬೆನೆಟ್, ಬೋಲರ್ಟ್, ಟುರೇಕಿಯನ್ ಎಂಬ ಮೂವರು ಕಿವಿಗಲ್ಲಿನಲ್ಲಿರುವ ರೇಡಿಯಂ-226 ಮತ್ತು ಸೀಸ-210ರ ಪ್ರಮಾಣ ಅಳೆದರು. ಸಮುದ್ರದಿಂದ ಕಲ್ಲಿಗೆ ಸೇರುವ ರೇಡಿಯಂ ನಿಧಾನಕ್ಕೆ ಕ್ಷಯಿಸುತ್ತ ಸೀಸವನ್ನು ಹುಟ್ಟಿಸುತ್ತದೆ. ಸೀಸದ ಅರ್ಧಾಯುಷ್ಯ ಸುಮಾರು 22 ವರ್ಷ. ಎರಡರ ಅನುಪಾತ ನೋಡಿದರೆ ಕಲ್ಲು ಎಷ್ಟು ಹಳೆಯದೆಂದು ತಿಳಿಯುತ್ತದೆ. ಆ ಲೆಕ್ಕವೂ ಎಂಬತ್ತು ವರ್ಷದ ಮೀನುಗಳಿವೆ ಎಂದೇ ಹೇಳಿತು.

ಇದು ಬರೀ ಕುತೂಹಲದ ಸಂಗತಿಯಲ್ಲ. ಮೂವತ್ತು ವರ್ಷ ಬಾಳುವ ಮೀನಾದರೆ ಪ್ರತಿವರ್ಷ ದೊಡ್ಡ ಪಾಲು ತಾನಾಗಿಯೇ ಸಾಯುತ್ತದೆ, ಆ ಜಾಗ ತುಂಬಲು ಮರಿಗಳೂ ಬರುತ್ತವೆ ಎಂದು ಊಹಿಸಿ ಹಿಡಿಯಬಹುದು. ತೊಂಬತ್ತು ಬಾಳುವುದಾದರೆ ಸಹಜ ಸಾವು ತೀರಾ ಕಡಿಮೆ, ಹಿಡಿಯಬಹುದಾದ ಪಾಲೂ ಅಷ್ಟೇ ಚಿಕ್ಕದು. ಅಲಾಸ್ಕಾದಲ್ಲಿ ಸಿಕ್ಕ ಒಂದು ರಫ್‌ಐ ರಾಕ್‌ಫಿಶ್‌ಗೆ ಆಮೇಲೆ 205 ವರ್ಷ ಎಣಿಸಿದರು. ಮುದಿ ಮೀನಿನ ಕಲ್ಲು ಉದ್ದವಾಗದಿದ್ದರೂ ತೂಕ ಏರುತ್ತಲೇ ಇರುವುದರಿಂದ, ಎಣಿಕೆಯ ಜೊತೆಗೆ ಈಗ ಕಲ್ಲನ್ನು ತಕ್ಕಡಿಗೂ ಹಾಕಿ ತಾಳೆ ನೋಡುವುದುಂಟು.