ಮನೆಯ ಚಿತ್ರತಟ್ಟೆಗಳ ಸಂರಕ್ಷಣೆ

ಓಲೆಗರಿಗೆ ಹುಳುವಿನ ಭಯ, ಕಾಗದಕ್ಕೆ ನೀರಿನ ಭಯ. ಇದನ್ನರಿತ ನಮ್ಮ ಹಿರಿಯರು ಗರಿಗೆ ಎಣ್ಣೆ ಸವರಿ, ಬಟ್ಟೆಯಲ್ಲಿ ಕಟ್ಟಿ, ಕಾಲಕಾಲಕ್ಕೆ ಹೊಸ ಪ್ರತಿಯನ್ನೆತ್ತಿಸಿ ಗ್ರಂಥಗಳನ್ನು ಉಳಿಸಿಕೊಂಡು ಬಂದರು. ಇಂದಿನ ಗೃಹಸ್ಥನ ಬೀರುವಿನಲ್ಲಿ ಓಲೆಯ ಕಟ್ಟುಗಳಿಗೆ ಬದಲಾಗಿ ಹೊಳೆಯುವ ತಟ್ಟೆಗಳಿವೆ. ಮಗಳ ಮದುವೆ, ಮೊಮ್ಮಗನ ನಾಮಕರಣ, ತಂದೆಯ ಷಷ್ಟ್ಯಬ್ದಿ ಇವೆಲ್ಲವೂ ಅವುಗಳಲ್ಲಿ ಅಡಕವಾಗಿವೆ. ಅಲ್ಲಿ ನಕ್ಕು ಮಾತನಾಡುವ ಹಿರಿಯರಲ್ಲಿ ಎಷ್ಟೋ ಮಂದಿ ಈಗಿಲ್ಲ. ಅವರ ಕಂಠಸ್ವರವು ಉಳಿದಿರುವುದು ಆ ತಟ್ಟೆಯೊಂದರಲ್ಲಿಯೇ. ಆದರೆ ಆ ತಟ್ಟೆಯೂ ಚಿರಸ್ಥಾಯಿಯಲ್ಲವೆಂಬುದನ್ನು ಎಲ್ಲರೂ ಅರಿತಿಲ್ಲ.

ವಿಸಿಡಿಯ ಕ್ರಮವು ನಿಶ್ಚಿತವಾದುದು 1993ರಲ್ಲಿ. ಡಿವಿಡಿಯು ಜಪಾನಿನಲ್ಲಿ ಮಾರಾಟಕ್ಕೆ ಬಂದುದು 1996ರಲ್ಲಿ. ನಮ್ಮ ದೇಶದಲ್ಲಿ ಮೋಸರ್ ಬೇರ್ ಸಂಸ್ಥೆಯು 2007ರಲ್ಲಿ ಚಲನಚಿತ್ರಗಳ ವಿಸಿಡಿಯನ್ನು 28 ರೂಪಾಯಿಗೂ ಡಿವಿಡಿಯನ್ನು 34 ರೂಪಾಯಿಗೂ ಮಾರತೊಡಗಿದ ಮೇಲೆ, ಸಾಮಾನ್ಯರ ಮನೆಗಳಲ್ಲಿಯೂ ತಟ್ಟೆಗಳ ರಾಶಿ ಬೆಳೆಯಿತು. ಆ ಸಂಸ್ಥೆಯೇ 2018ರಲ್ಲಿ ಸಮಾಪನೆಗೆ ಒಳಗಾಯಿತು. ಈಗ ದೊರೆಯುವ ಮಡಿಚು ಗಣಕಗಳಲ್ಲಿ ಬಹುತೇಕ ತಟ್ಟೆಯನ್ನೋದುವ ಸಾಧನವೇ ಇರುವುದಿಲ್ಲ. ತಟ್ಟೆಯು ಕೆಡುವ ಮೊದಲೇ ಅದನ್ನೋದುವ ಯಂತ್ರವು ಮಾಯವಾಗುವ ಸಂಭವವುಂಟು.

ತಟ್ಟೆಯು ಕೆಡುವುದೇಕೆ? ಕಾರ್ಖಾನೆಯಲ್ಲಿ ಅಚ್ಚೊತ್ತಿದ ತಟ್ಟೆಯಲ್ಲಿ ತೆಳುವಾದ ಅಲ್ಯೂಮಿನಿಯಮ್ ಪದರವಿರುತ್ತದೆ. ಗಾಳಿಯೂ ತೇವವೂ ಒಳಸೇರಿದರೆ ಅದು ಕಿಲುಬು ಹಿಡಿಯುತ್ತದೆ. ಮದುವೆಯ ಛಾಯಾಗ್ರಾಹಕನು ಬರೆದುಕೊಟ್ಟ ತಟ್ಟೆಯಲ್ಲಿ ಚಿತ್ರವು ನಿಂತಿರುವುದು ಸಾಮಾನ್ಯವಾಗಿ ಒಂದು ಬಗೆಯ ಬಣ್ಣದ ಮೇಲೆ. ಬಿಸಿಲು, ಸೆಕೆ, ತೇವ ಈ ಮೂರೂ ಆ ಬಣ್ಣಕ್ಕೆ ಶತ್ರುಗಳು. ವಿಸಿಡಿಯಲ್ಲಿಯಂತೂ ಮುದ್ರಣದ ಪದರವು ಹೆಸರು ಬರೆಯುವ ಮೇಲ್ಬದಿಗೆ ಅತಿ ಸಮೀಪದಲ್ಲಿದೆ. ಆದುದರಿಂದ ಆ ಬದಿಯ ಗೀರು ಕೆಳಬದಿಯ ಗೀರಿಗಿಂತ ಹೆಚ್ಚು ಅಪಾಯಕರ.

ಇನ್ನು ಉಪಾಯವನ್ನು ನೋಡುವ. ಯುಎಸ್‌ಬಿ ತಂತಿಯಿಂದ ಗಣಕಕ್ಕೆ ಜೋಡಿಸುವ ಒಂದು ಡಿವಿಡಿ ಡ್ರೈವನ್ನು ಮೊದಲು ಸಂಪಾದಿಸಬೇಕು. ತಟ್ಟೆಯನ್ನು ಮೃದುವಾದ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕಲ್ಲದೆ ಸುತ್ತಲೂ ತಿರುವಿ ಉಜ್ಜಬಾರದು. ವಿಸಿಡಿಯಾದರೆ ‘ಎಂಪೆಗ್‌ಎವಿ’ ಎಂಬ ಕೋಶದೊಳಗಿನ ‘ಡ್ಯಾಟ್’ ಕಡತಗಳನ್ನೂ, ಡಿವಿಡಿಯಾದರೆ ‘ವಿಡಿಯೋ ಟಿಎಸ್’ ಎಂಬ ಕೋಶವನ್ನು ಇಡಿಯಾಗಿಯೂ ಗಣಕಕ್ಕೆ ನಕಲಿಸತಕ್ಕದ್ದು. ಡಿವಿಡಿಯ ತುಂಡುಗಳನ್ನು ಗುಣ ಕೆಡದಂತೆ ಒಂದೇ ಕಡತವಾಗಿ ಕೂಡಿಸಲು ಮೇಕ್‌ಎಂಕೆವಿ ಎಂಬ ತಂತ್ರಾಂಶವುಂಟು. ಹ್ಯಾಂಡ್‌ಬ್ರೇಕ್ ಎಂಬುದು ಕಡತವನ್ನು ಕಿರಿದುಗೊಳಿಸುತ್ತದೆ. ಆದರೆ ಕಿರಿದಾಗುವಾಗ ಚಿತ್ರದ ಸೂಕ್ಷ್ಮಾಂಶವೂ ಸ್ವಲ್ಪ ಹೋಗುವುದರಿಂದ, ಮೊಬೈಲಿನಲ್ಲಿ ನೋಡಲು ಕಿರಿಯ ಪ್ರತಿಯನ್ನು ಮಾಡಿಕೊಂಡರೂ ಮೂಲವನ್ನು ಅಳಿಸಬಾರದು. ಗೀರುಬಿದ್ದ ತಟ್ಟೆಯನ್ನು ಒಡನೆ ಬಿಸಾಡಬೇಡಿರಿ. ಒಂದು ಡ್ರೈವು ಓದದ ತಟ್ಟೆಯನ್ನು ಇನ್ನೊಂದು ಓದುವುದುಂಟು. ಡಿಡಿರೆಸ್ಕ್ಯೂ ಎಂಬ ಸಾಧನವು ಮೊದಲು ಸುಸ್ಥಿತಿಯ ಭಾಗಗಳನ್ನು ಸಂಗ್ರಹಿಸಿ, ಆಮೇಲೆ ಕೆಟ್ಟ ಭಾಗಗಳನ್ನು ಮರಳಿ ಮರಳಿ ಪ್ರಯತ್ನಿಸುತ್ತದೆ.

ಪ್ರಕಾಶಕರು ಬೀಗಮುದ್ರೆ ಹಾಕಿ ಮಾರಿದ ಚಲನಚಿತ್ರಗಳ ವಿಚಾರ ಬೇರೆ. 1957ನೆಯ ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ಬಂದ ತಿದ್ದುಪಡಿಯು, ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಇಂತಹ ಬೀಗವನ್ನು ಮುರಿಯುವವರಿಗೆ ಎರಡು ವರ್ಷಗಳವರೆಗಿನ ಸೆರೆವಾಸವನ್ನೂ ಜುಲ್ಮಾನೆಯನ್ನೂ ವಿಧಿಸುತ್ತದೆ. ಅಂತಹ ಚಿತ್ರಗಳ ಪ್ರತಿ ಮಾಡಿ ಹಂಚುವುದು ಗೃಹಸ್ಥನಿಗೆ ತಕ್ಕುದಲ್ಲ. ಮನೆಯ ಸಮಾರಂಭಗಳ ತಟ್ಟೆಗಳಿಗೆ ಮೊದಲ ಸ್ಥಾನವನ್ನು ಕೊಡುವುದೇ ವಿವೇಕ. ಅಂಗಡಿಯ ಚಿತ್ರವು ಮತ್ತೆಲ್ಲಿಯಾದರೂ ದೊರೆತೀತು, ಮನೆಯ ಚಿತ್ರವು ದೊರೆಯದು.

ಸ್ಥಳದ ಚಿಂತೆ ಬೇಡ. ಸಾಧಾರಣ ಡಿವಿಡಿಯೊಂದರ ಹಿಡಿತ 4.7 ಗಿಗಾಬೈಟ್. ಒಂದು ಟೆರಾಬೈಟಿನ ಹಾರ್ಡ್ ಡಿಸ್ಕಿನಲ್ಲಿ ತುಂಬಿದ ತಟ್ಟೆಗಳೇ ಸುಮಾರು 200 ಹಿಡಿಸುತ್ತವೆ. ಆದರೆ ಹಾರ್ಡ್ ಡಿಸ್ಕೂ ಒಂದು ದಿನ ನಿಲ್ಲತಕ್ಕ ಯಂತ್ರವೇ. ಆದುದರಿಂದ ಪ್ರತಿಗಳು ಮೂರಿರಲಿ. ಅವು ಎರಡು ಬಗೆಯ ಸಾಧನಗಳಲ್ಲಿರಲಿ. ಒಂದಾದರೂ ಬೇರೆ ಊರಿನ ಬಂಧುಗಳ ಮನೆಯಲ್ಲಿರಲಿ. ವರ್ಷಕ್ಕೊಮ್ಮೆ ತೆರೆದು ನೋಡುವ ಪದ್ಧತಿಯನ್ನೂ ಇಟ್ಟುಕೊಳ್ಳಬೇಕು.

ಇನ್ನೊಂದು ಕಾರ್ಯವನ್ನು ಯಂತ್ರವು ಮಾಡಲಾರದು. ಚಿತ್ರದಲ್ಲಿ ಕಾಣುವವರು ಯಾರು, ಯಾವ ಊರಿನವರು, ನಮಗೇನಾಗಬೇಕು ಎಂಬುದನ್ನು ಬಲ್ಲವರು ಮನೆಯ ವೃದ್ಧರು. ಒಂದು ಸಂಜೆ ಅವರನ್ನು ಜೊತೆಯಲ್ಲಿ ಕುಳ್ಳಿರಿಸಿಕೊಂಡು ಚಿತ್ರವನ್ನು ಓಡಿಸಿ, ಅವರು ಹೇಳಿದ ಹೆಸರುಗಳನ್ನು ಬರೆದು ಆ ಕಡತದೊಡನೆಯೇ ಇಡಿರಿ. ಹೆಸರು ತಿಳಿಯದ ಮುಖವು ಮುಂದಿನವರಿಗೆ ಬರಿಯ ನೆರಳಾಗುತ್ತದೆ.

ಕನ್ನಡದ ಮೊದಲ ವಾಕ್ಚಿತ್ರವಾದ ‘ಸತಿ ಸುಲೋಚನ’ವು 1934ರಲ್ಲಿ ತೆರೆಗೆ ಬಂದಿತು. ಅದರ ಪ್ರತಿಯು ಇಂದು ಉಳಿದಿಲ್ಲ. ನಾಡಿನ ಮೊದಲ ಚಿತ್ರವೇ ಹೀಗೆ ಮರೆಯಾದ ಮೇಲೆ, ಬೀರುವಿನ ಮೂಲೆಯ ತಟ್ಟೆಯು ತಾನಾಗಿಯೇ ಉಳಿದೀತೆಂದು ನಂಬುವುದು ಹೇಗೆ? ಹಿರಿಯರು ಓಲೆಯನ್ನು ಪ್ರತಿ ಮಾಡಿಸಿದಂತೆ ನಾವು ತಟ್ಟೆಯನ್ನು ಪ್ರತಿ ಮಾಡಿಡಬೇಕು. ಅದೂ ತಟ್ಟೆಯು ಇನ್ನೂ ಓದಿಸಿಕೊಳ್ಳುತ್ತಿರುವಾಗಲೇ.