ನೈರೋಬಿಗೆ ಗವರ್ನರ್ ಬಂದ ದಾರಿ

2020ರ ಫೆಬ್ರುವರಿ 25ರಂದು ಕೆನ್ಯಾದ ಅಧ್ಯಕ್ಷರ ನಿವಾಸವಾದ ಸ್ಟೇಟ್ ಹೌಸ್‌ನಲ್ಲಿ ನೈರೋಬಿಯ ಗವರ್ನರ್ ಮೈಕ್ ಸೊಂಕೊ ಒಂದು ಒಪ್ಪಂದಕ್ಕೆ ಸಹಿ ಹಾಕಿದರು. ಆರೋಗ್ಯ, ಸಾರಿಗೆ, ಲೋಕೋಪಯೋಗಿ, ನಗರ ಯೋಜನೆ, ಹೀಗೆ ನಗರದ ದೊಡ್ಡ ದೊಡ್ಡ ಹೊಣೆಗಳೆಲ್ಲ ಆ ಸಹಿಯೊಂದಿಗೆ ರಾಷ್ಟ್ರ ಸರ್ಕಾರಕ್ಕೆ ಹೋದವು. ಅವನ್ನು ನೋಡಿಕೊಳ್ಳಲು ‘ನೈರೋಬಿ ಮೆಟ್ರೊಪಾಲಿಟನ್ ಸರ್ವಿಸಸ್’ ಎಂಬ ಹೊಸ ಸಂಸ್ಥೆ ಹುಟ್ಟಿತು. ಅದರ ಮುಖ್ಯಸ್ಥರಾಗಿ ಬಂದವರು ಸೇನೆಯ ಮೇಜರ್ ಜನರಲ್ ಮೊಹಮದ್ ಬಾದಿ. ಎರಡೂವರೆ ವರ್ಷದ ಹಿಂದಷ್ಟೇ ಎಂಟು ಲಕ್ಷ ಎಪ್ಪತ್ತು ಸಾವಿರಕ್ಕೂ ಹೆಚ್ಚು ಮತ ಕೊಟ್ಟು ಸೊಂಕೊ ಅವರನ್ನು ಗೆಲ್ಲಿಸಿದ್ದ ಜನರನ್ನು ಯಾರೂ ಒಂದು ಮಾತು ಕೇಳಲಿಲ್ಲ.

ನೈರೋಬಿ ಅಂದು ಕಳೆದುಕೊಂಡದ್ದು ಐವತ್ತು ವರ್ಷ ಕಾದು, ರಕ್ತ ಸುರಿಸಿ ಪಡೆದದ್ದನ್ನು. ತನ್ನನ್ನು ಆಳುವವರನ್ನು ತಾನೇ ಆರಿಸುವ ಹಕ್ಕು ಈ ನಗರಕ್ಕೆ ಹೇಗೆ ಬಂತು, ಬಂದದ್ದು ಹೇಗೆ ಸೋರಿಹೋಯಿತು ಎಂಬ ಕಥೆಯನ್ನು ಕರ್ನಾಟಕದ ನಾವೂ ತಿಳಿದಿರಬೇಕು.

ರಾಜ್ಯಪಾಲರಲ್ಲ, ಆಡಳಿತದ ಮುಖ್ಯಸ್ಥರು

ಗವರ್ನರ್ ಅಂದರೆ ನಮಗೆ ನೆನಪಾಗುವುದು ರಾಷ್ಟ್ರಪತಿಗಳು ನೇಮಿಸುವ, ರಾಜಭವನದಲ್ಲಿರುವ ರಾಜ್ಯಪಾಲರು. ನಮ್ಮ ಸಂವಿಧಾನದ ಕರಡಿನಲ್ಲೂ ಚುನಾಯಿತ ರಾಜ್ಯಪಾಲರ ಯೋಚನೆ ಇತ್ತು. ಒಂದೇ ರಾಜ್ಯದಲ್ಲಿ ಮತ ಗೆದ್ದ ಇಬ್ಬರು ಯಜಮಾನರು ಬೇಡವೆಂದು 1949ರ ಮೇ ತಿಂಗಳಲ್ಲಿ ಸಂವಿಧಾನ ಸಭೆ ಅದನ್ನು ಕೈಬಿಟ್ಟಿತು.

ಕೆನ್ಯಾದ ಗವರ್ನರ್ ಬೇರೆಯೇ ಹುದ್ದೆ. ದೇಶದ 47 ಕೌಂಟಿಗಳಲ್ಲಿ ಒಂದೊಂದಕ್ಕೂ ಒಬ್ಬ ಗವರ್ನರ್ ಇರುತ್ತಾರೆ. ಅವರೇ ಅಲ್ಲಿನ ಕಾರ್ಯಾಂಗದ ಮುಖ್ಯಸ್ಥರು, ಬಜೆಟ್ಟಿನ ಹೊಣೆಯೂ ಅವರದೇ. ಗವರ್ನರ್ ಮತ್ತು ಉಪ ಗವರ್ನರ್ ಜೋಡಿಯಾಗಿ ಸ್ಪರ್ಧಿಸುತ್ತಾರೆ. ಅತಿ ಹೆಚ್ಚು ಮತ ಬಿದ್ದ ಜೋಡಿಗೆ ಐದು ವರ್ಷದ ಅಧಿಕಾರ ಸಿಗುತ್ತದೆ. ಎರಡು ಅವಧಿ ಮುಗಿದರೆ ಮತ್ತೆ ನಿಲ್ಲುವಂತಿಲ್ಲ. ಸಂವಿಧಾನದ ಪಟ್ಟಿಯಲ್ಲಿ ನೈರೋಬಿ 47ನೆಯ ಕೌಂಟಿ. 2019ರ ಜನಗಣತಿಯಂತೆ ಸುಮಾರು 44 ಲಕ್ಷ ಜನರ ನಗರವಿದು.

ಸ್ವಾತಂತ್ರ್ಯ ಬಂದರೂ ಬಾರದ ಅಧಿಕಾರ

1963ರ ಡಿಸೆಂಬರ್ 12ರಂದು ಕೆನ್ಯಾ ಸ್ವತಂತ್ರವಾದಾಗ ಅಧಿಕಾರ ಹಂಚಿಕೆಯ ಸಂವಿಧಾನವೇ ಜಾರಿಯಲ್ಲಿತ್ತು. ‘ಮಜಿಂಬೊ’ ಎಂದು ಹೆಸರಾದ ಆ ವ್ಯವಸ್ಥೆಯಲ್ಲಿ ಏಳು ಪ್ರಾಂತ್ಯಗಳಿಗೆ ತಮ್ಮದೇ ಸಭೆಗಳಿದ್ದವು. ದೊಡ್ಡ ಸಮುದಾಯಗಳ ನೆರಳಿನಲ್ಲಿ ತಾವು ಕಳೆದುಹೋಗುತ್ತೇವೆಂಬ ಸಣ್ಣ ಸಮುದಾಯಗಳ ಭಯವೇ ಅದರ ಬೇರು. ರೊನಾಲ್ಡ್ ಎನ್‌ಗಾಲಾ ನಾಯಕತ್ವದ ಕಾಡು ಪಕ್ಷ ಅದಕ್ಕಾಗಿ ಪಟ್ಟು ಹಿಡಿದಿತ್ತು. ಜೊಮೊ ಕೆನ್ಯಾಟಾ ಅವರ ಕಾನು ಪಕ್ಷಕ್ಕೆ ಅದು ಬೇಕಿರಲಿಲ್ಲ.

ಆ ಹಂಚಿಕೆಯಲ್ಲೂ ನೈರೋಬಿಗೆ ಪಾಲು ಸಿಗಲಿಲ್ಲ. ರಾಜಧಾನಿ ಪ್ರದೇಶವೆಂದು ಅದನ್ನು ಏಳೂ ಪ್ರಾಂತ್ಯಗಳಿಂದ ಹೊರಗಿಟ್ಟಿದ್ದರು. 1964ರ ನವೆಂಬರಿನಲ್ಲಿ ಕಾಡು ಪಕ್ಷ ತನ್ನನ್ನೇ ವಿಸರ್ಜಿಸಿಕೊಂಡಿತು. ಮರುತಿಂಗಳು ಕೆನ್ಯಾ ಗಣರಾಜ್ಯವಾಯಿತು, ಮಜಿಂಬೊ ಮುರಿದುಬಿತ್ತು. ಆಮೇಲೆ ಅಧ್ಯಕ್ಷರು ನೇಮಿಸಿದ ಪ್ರಾಂತ್ಯಾಧಿಕಾರಿ, ಜಿಲ್ಲಾಧಿಕಾರಿ, ಊರಿನ ಚೀಫ್, ಇವರೇ ಸರ್ಕಾರವೆಂದಾಯಿತು. ವಸಾಹತು ಆಡಳಿತದ ಅದೇ ಏಣಿ, ಮೇಲೆ ಕುಳಿತವರು ಮಾತ್ರ ಬದಲಾಗಿದ್ದರು.

ನೈರೋಬಿಗೆ ಮೇಯರ್ ಇದ್ದರು. ಆದರೆ ಅವರನ್ನು ಆರಿಸುತ್ತಿದ್ದವರು ಕೌನ್ಸಿಲರುಗಳು. ಕಡಿವಾಣವಿದ್ದದ್ದು ಸ್ಥಳೀಯಾಡಳಿತ ಸಚಿವರ ಕೈಯಲ್ಲಿ. 1983ರಲ್ಲಿ ಡೇನಿಯಲ್ ಅರಪ್ ಮೊಯ್ ಸರ್ಕಾರ ಅವ್ಯವಹಾರದ ಕಾರಣ ಕೊಟ್ಟು ನಗರಪಾಲಿಕೆಯನ್ನೇ ವಿಸರ್ಜಿಸಿತು, ಸರ್ಕಾರ ನೇಮಿಸಿದ ಆಯೋಗವೊಂದನ್ನು ತಂದು ಕೂರಿಸಿತು. ತಾತ್ಕಾಲಿಕವೆಂದು ಬಂದದ್ದು 1992ರವರೆಗೂ ಉಳಿಯಿತು. 1990ರ ಮೇ ತಿಂಗಳಲ್ಲಿ ಮುರೊಟೊ ಎಂಬ ಬಡವರ ಬಡಾವಣೆಯನ್ನು ಬುಲ್ಡೋಜರ್ ಹಾಯಿಸಿ ಕೆಡವಿದ್ದು ಇದೇ ಆಯೋಗದ ಕಾಲದಲ್ಲಿ. ಸೂರು ಕಳೆದುಕೊಂಡ ಆ ಜನರಿಗೆ ಹೋಗಿ ಕೇಳಲು ಒಬ್ಬ ಕೌನ್ಸಿಲರೂ ಇರಲಿಲ್ಲ.

ಅದೇ ತಿಂಗಳು ನೈರೋಬಿಯ ಮೊದಲ ಆಫ್ರಿಕನ್ ಮೇಯರ್ ಚಾರ್ಲ್ಸ್ ರುಬಿಯಾ, ಕೆನೆತ್ ಮಟೀಬಾ ಅವರೊಂದಿಗೆ ನಿಂತು ಬಹುಪಕ್ಷ ಪದ್ಧತಿ ಬರಲೇಬೇಕೆಂದು ಬಹಿರಂಗವಾಗಿ ಒತ್ತಾಯಿಸಿದರು. ಜುಲೈನಲ್ಲಿ ಇಬ್ಬರನ್ನೂ ವಿಚಾರಣೆಯಿಲ್ಲದೆ ಬಂಧನದಲ್ಲಿಟ್ಟರು. ಜುಲೈ 7ರಂದು ಕಾಮುಕುಂಜಿ ಮೈದಾನದತ್ತ ಹೊರಟ ಜನರ ಮೇಲೆ ಪೊಲೀಸರು ಬಿದ್ದರು. ಆ ದಿನವನ್ನು ಕೆನ್ಯಾ ಇಂದಿಗೂ ‘ಸಾಬಾ ಸಾಬಾ’ ಎಂದು ಆಚರಿಸುತ್ತದೆ. ನಗರದ ಹಕ್ಕಿಗೂ ದೇಶದ ಪ್ರಜಾಪ್ರಭುತ್ವಕ್ಕೂ ಒಂದೇ ಬೀಗ ಬಿದ್ದಿತ್ತು ಎಂಬುದು ಆಗ ಎಲ್ಲರಿಗೂ ಕಂಡಿತು.

ರಕ್ತ ಕಲಿಸಿದ ಪಾಠ

ಬಹುಪಕ್ಷ ಪದ್ಧತಿ ಬಂದ ಮೇಲೂ ಎಲ್ಲ ಅಧಿಕಾರ ಒಂದೇ ಕುರ್ಚಿಯಲ್ಲಿ ಉಳಿಯಿತು. ಆ ಕುರ್ಚಿ ಯಾರ ಪಾಲಾಗುತ್ತದೋ ಅವರ ಜನರಿಗೆ ರಸ್ತೆ, ನೌಕರಿ, ಭೂಮಿ ಎಂಬ ನಂಬಿಕೆ ಬಲಿಯಿತು. ಕೆನ್ಯಾದ ಭಾರತೀಯ ಕುಟುಂಬದಲ್ಲಿ ಹುಟ್ಟಿದ ಸಂವಿಧಾನ ತಜ್ಞ ಯಶ್ ಪಾಲ್ ಘಾಯ್ ಅವರ ಆಯೋಗ ಊರೂರು ಸುತ್ತಿ ಜನರ ಮಾತು ಕೇಳಿ ಅಧಿಕಾರ ಹಂಚುವ ಕರಡು ಸಿದ್ಧಪಡಿಸಿತ್ತು. ಸರ್ಕಾರ ಅದನ್ನು ತಿದ್ದಿ, ಅಧ್ಯಕ್ಷರ ಬಲವನ್ನು ಉಳಿಸಿಕೊಂಡು 2005ರಲ್ಲಿ ಜನಮತಕ್ಕೆ ಒಡ್ಡಿತು. ಜನ ತಿರಸ್ಕರಿಸಿದರು.

2007ರ ಡಿಸೆಂಬರಿನ ಅಧ್ಯಕ್ಷೀಯ ಚುನಾವಣೆಯ ಫಲಿತಾಂಶ ವಿವಾದಕ್ಕೆ ಸಿಕ್ಕು ದೇಶ ಹೊತ್ತಿ ಉರಿಯಿತು. ಸಾವಿರಕ್ಕೂ ಹೆಚ್ಚು ಜನ ಸತ್ತರು, ಲಕ್ಷಾಂತರ ಜನ ಮನೆಮಠ ಬಿಟ್ಟು ಓಡಿದರು. ನೈರೋಬಿಯ ಕಿಬೇರಾ, ಮಥಾರೆಗಳಲ್ಲಿ ಬೆಂಕಿ ಎದ್ದಿತು. ಕೋಫಿ ಅನ್ನಾನ್ ಮಧ್ಯಸ್ಥಿಕೆಯಲ್ಲಿ 2008ರ ಫೆಬ್ರುವರಿ 28ರಂದು ಅಧ್ಯಕ್ಷ ಕಿಬಾಕಿ ಮತ್ತು ಚುನಾವಣೆಯಲ್ಲಿ ಅವರ ಎದುರಾಳಿಯಾಗಿದ್ದ ರೈಲಾ ಒಡಿಂಗಾ ರಾಜಿಗೆ ಬಂದರು. ಹೊಸ ಸಂವಿಧಾನದ ಕೆಲಸ ಅಲ್ಲಿಂದ ಮತ್ತೆ ಶುರುವಾಯಿತು. 2010ರ ಆಗಸ್ಟ್ 4ರ ಜನಮತದಲ್ಲಿ ಮೂರರಲ್ಲಿ ಎರಡು ಪಾಲು ಮತದಾರರು ಒಪ್ಪಿದರು. ಆಗಸ್ಟ್ 27ರಂದು ಉಹುರು ಪಾರ್ಕಿನಲ್ಲಿ ಕಿಬಾಕಿ ಅದನ್ನು ಜಾರಿಗೆ ತಂದರು. ರಾಷ್ಟ್ರದ ಆದಾಯದಲ್ಲಿ ಕನಿಷ್ಠ ಶೇ 15 ಪಾಲು ಕೌಂಟಿಗಳಿಗೆ ಸಲ್ಲಬೇಕೆಂಬುದೂ ಅದರಲ್ಲಿದೆ. ಹಣದ ಮಾತನ್ನು ಸಂವಿಧಾನದೊಳಗೇ ಬರೆದಿಟ್ಟವರ ವಿವೇಕವನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಮೂರು ಚುನಾವಣೆ, ಒಂದು ಕೊರತೆ

2013ರ ಮಾರ್ಚ್ 4ರಂದು ನೈರೋಬಿಯ ಜನ ಮೊದಲ ಸಲ ಗವರ್ನರ್‌ಗೆ ಮತ ಹಾಕಿದರು. ಸಕ್ಕರೆ ಕಂಪನಿಯೊಂದರ ಮುಖ್ಯಸ್ಥರಾಗಿದ್ದ ಇವಾನ್ಸ್ ಕಿಡೆರೊ, ಫರ್ಡಿನಂಡ್ ವೈಟಿಟು ಅವರನ್ನು ಸೋಲಿಸಿದರು. 2017ರಲ್ಲಿ ಅದೇ ಜನ ಕಿಡೆರೊ ಅವರನ್ನು ಇಳಿಸಿ ಸೊಂಕೊ ಅವರನ್ನು ಏರಿಸಿದರು. ಅಧಿಕಾರದಲ್ಲಿದ್ದವರನ್ನು ಮತದಿಂದ ಇಳಿಸುವ ಬಲ ನಗರದ ಕೈಗೆ ಬಂದಿತ್ತು.

ಸೊಂಕೊ ಅವರ ಉಪ ಗವರ್ನರ್ ಪಾಲಿಕಾರ್ಪ್ ಇಗಾಥೆ 2018ರ ಆರಂಭದಲ್ಲೇ ರಾಜೀನಾಮೆ ಕೊಟ್ಟರು. ಆ ಸ್ಥಾನ ಮೂರು ವರ್ಷ ಖಾಲಿ ಬಿದ್ದಿತ್ತು. 2019ರ ಡಿಸೆಂಬರಿನಲ್ಲಿ ಭ್ರಷ್ಟಾಚಾರದ ಆರೋಪದ ಮೇಲೆ ಸೊಂಕೊ ಬಂಧಿತರಾದರು, ನ್ಯಾಯಾಲಯ ಅವರನ್ನು ಕಚೇರಿಯಿಂದ ದೂರವಿಟ್ಟಿತು. ಆಮೇಲಿನದೇ ಸ್ಟೇಟ್ ಹೌಸ್‌ನ ಒಪ್ಪಂದ. 2020ರ ಡಿಸೆಂಬರಿನಲ್ಲಿ ಕೌಂಟಿ ಸಭೆ ಮಹಾಭಿಯೋಗ ಹೊರಿಸಿತು, ಸೆನೆಟ್ ಅದನ್ನು ಎತ್ತಿಹಿಡಿಯಿತು. ಇಷ್ಟು ಸಂವಿಧಾನದ ದಾರಿಯೇ. ಮುಂದೆ ಉಪಚುನಾವಣೆಗೆ 2021ರ ಫೆಬ್ರುವರಿ 18 ಗೊತ್ತಾಗಿತ್ತು. ಅದಕ್ಕೆ ನ್ಯಾಯಾಲಯದ ತಡೆ ಬಿತ್ತು. ಮತಪತ್ರದಲ್ಲಿ ಹೆಸರೇ ಇರದಿದ್ದ ಆನ್ ಕನಾನು ಮೊದಲು ಉಪ ಗವರ್ನರ್ ಆಗಿ, 2021ರ ನವೆಂಬರಿನಲ್ಲಿ ಗವರ್ನರ್ ಆಗಿ ಪ್ರಮಾಣವಚನ ತೆಗೆದುಕೊಂಡರು. ಮತದಾರರ ಸರದಿ ಬಂದದ್ದು 2022ರ ಆಗಸ್ಟ್ 9ಕ್ಕೆ. ಆಗ ಜಾನ್ಸನ್ ಸಕಾಜಾ ಸುಮಾರು 7 ಲಕ್ಷ ಮತ ಪಡೆದು, ಈ ಬಾರಿ ಗವರ್ನರ್ ಸ್ಥಾನಕ್ಕೇ ನಿಂತಿದ್ದ ಇಗಾಥೆ ಅವರನ್ನು ಸೋಲಿಸಿದರು.

ಜನರಲ್ ಬಾದಿ ಅವರ ಕಾಲದಲ್ಲಿ ಕೆಲಸವಾಯಿತಲ್ಲ ಎನ್ನುವವರಿದ್ದಾರೆ. ನಿಜ, ಬಡ ಬಡಾವಣೆಗಳಲ್ಲಿ ಕೊಳವೆಬಾವಿಗಳಾದವು, ಆಸ್ಪತ್ರೆಗಳಾದವು, ರಸ್ತೆಗಳಾದವು. ಆದರೆ ಆ ಬಾವಿ ಕೆಟ್ಟರೆ, ಆ ಆಸ್ಪತ್ರೆಯಲ್ಲಿ ಔಷಧಿ ಮುಗಿದರೆ ಜನ ಯಾರನ್ನು ಹಿಡಿದು ಕೇಳಬೇಕು? ನೇಮಕಗೊಂಡವರು ತಮ್ಮನ್ನು ನೇಮಿಸಿದವರಿಗೆ ಲೆಕ್ಕ ಕೊಡುತ್ತಾರೆ. ಕೆಟ್ಟ ಗವರ್ನರ್‌ಗೆ ಮದ್ದು ಮತ್ತೊಂದು ಚುನಾವಣೆ. ಜನರ ಹಕ್ಕನ್ನೇ ಮುಟ್ಟುಗೋಲು ಹಾಕಿದರೆ ರೋಗವೂ ಉಳಿಯುತ್ತದೆ, ಮದ್ದೂ ಕೈಬಿಡುತ್ತದೆ.

ಲೆಕ್ಕ ಕೊಡಬೇಕಾದವರು ಏನು ಮಾಡಬಲ್ಲರೆಂಬುದಕ್ಕೂ ನೈರೋಬಿಯಲ್ಲೇ ಉದಾಹರಣೆಯಿದೆ. ಶಾಲಾ ಮಕ್ಕಳಿಗೆ ಊಟ ಕೊಡುವುದಾಗಿ ಪ್ರಚಾರದಲ್ಲಿ ಹೇಳಿದ್ದ ಸಕಾಜಾ 2023ರಲ್ಲಿ ‘ಡಿಶಿ ನಾ ಕೌಂಟಿ’ ಯೋಜನೆ ಆರಂಭಿಸಿದರು. ಮಗುವೊಂದು 5 ಶಿಲ್ಲಿಂಗ್ ಕೊಟ್ಟು ಬಿಸಿಯೂಟ ಮಾಡುತ್ತದೆ. ಅದೇ ವೇಳೆ 1975ರಿಂದ ಕಸ ತುಂಬಿಕೊಳ್ಳುತ್ತಿರುವ ದಂಡೋರಾ ತಿಪ್ಪೆಗೆ ಯಾವ ಗವರ್ನರೂ ಪರಿಹಾರ ತಂದಿಲ್ಲ. ಮತದಾರರು ಎರಡನ್ನೂ ತೂಗಬಲ್ಲರು. ಆದರೆ 2025ರಲ್ಲಿ ಸಕಾಜಾ ವಿರುದ್ಧ ಕೌಂಟಿ ಸದಸ್ಯರು ಮಹಾಭಿಯೋಗಕ್ಕೆ ಸಿದ್ಧರಾದಾಗ ಅದನ್ನು ತಡೆದದ್ದು ಅಧ್ಯಕ್ಷ ರುಟೊ ಮತ್ತು ಒಡಿಂಗಾ ಅವರ ಮಧ್ಯಪ್ರವೇಶ. ನಗರದ ಜಗಳ ನಗರದ ಸಭೆಯಲ್ಲೇ ಇತ್ಯರ್ಥವಾಗುವ ರೂಢಿ ಇನ್ನೂ ಬಂದಿಲ್ಲ.

ನಮಗೇಕೆ ಈ ಕಥೆ

ಅಧಿಕಾರವನ್ನು ಕೆಳಗಿಳಿಸುವ ಕೆಲಸದಲ್ಲಿ ಕರ್ನಾಟಕ ಒಂದು ಕಾಲಕ್ಕೆ ದೇಶಕ್ಕೇ ದಾರಿ ತೋರಿತ್ತು. ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಅಬ್ದುಲ್ ನಜೀರ್ ಸಾಬ್ ಕಟ್ಟಿದ ಜಿಲ್ಲಾ ಪರಿಷತ್ತುಗಳಿಗೆ 1987ರಲ್ಲಿ ಚುನಾವಣೆ ನಡೆಯಿತು. ಅಂಥ ರಾಜ್ಯದ ರಾಜಧಾನಿಯಲ್ಲಿ 2020ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳದೇ ಕಾರುಬಾರು. ಪಾಲಿಕೆಯಿದ್ದಾಗಲೂ ಮೇಯರ್ ಗಾದಿ ವರ್ಷಕ್ಕೊಬ್ಬರದು. 2025ರಲ್ಲಿ ಬೆಂಗಳೂರನ್ನು ಐದು ಪಾಲಿಕೆಗಳಾಗಿ ಒಡೆದು ಮೇಲೊಂದು ಪ್ರಾಧಿಕಾರ ತಂದಾಗ ಅದರ ಅಧ್ಯಕ್ಷತೆ ಸೇರಿದ್ದು ಮುಖ್ಯಮಂತ್ರಿಗೆ.

ನೇರ ಚುನಾವಣೆಯೊಂದೇ ನಗರವನ್ನು ಉದ್ಧರಿಸುವುದಿಲ್ಲ ಎಂದು ನೈರೋಬಿ ತೋರಿಸಿದೆ. ಖಾತರಿಯ ಹಣ, ಸ್ಪಷ್ಟವಾದ ಹೊಣೆ, ಖಾಲಿಯಾದ ಸ್ಥಾನಕ್ಕೆ ತಡವಿಲ್ಲದ ಚುನಾವಣೆ, ಈ ಮೂರೂ ಜೊತೆಗಿರಬೇಕು. ಕೆನ್ಯಾದ ಮುಂದಿನ ಚುನಾವಣೆ 2027ರ ಆಗಸ್ಟ್ 10ಕ್ಕೆ. ಅಂದು ಗೆದ್ದವರು ಒಳ್ಳೆಯವರಾಗಲಿ, ಅಲ್ಲದಿರಲಿ, ಅವರ ಲೆಕ್ಕವನ್ನು ನೈರೋಬಿಯ ಮತದಾರರೇ ಕೇಳಬೇಕು, ಸ್ಟೇಟ್ ಹೌಸ್ ಅಲ್ಲ. ಬೆಂಗಳೂರಿನ ಮತದಾರರೂ ತಮ್ಮ ನಗರಕ್ಕಾಗಿ ಇದೇ ಹಕ್ಕನ್ನು ಗಟ್ಟಿಯಾಗಿ ಕೇಳಬೇಕು, ಅದನ್ನು ಕೊಡುವೆವೆಂದು ಮಾತು ಕೊಡದವರಿಗೆ ಮತ ಕೊಡಬಾರದು.