ಕಲ್ಲಿನಲ್ಲಿ ಕೊರೆದ ಸಾಮಾನ್ಯರ ಇತಿಹಾಸ

ಹರಿಹರದ ಹರಿಹರೇಶ್ವರ ದೇವಾಲಯವನ್ನು 1224ರಲ್ಲಿ ಕಟ್ಟಿಸಿದವನು ಹೊಯ್ಸಳರ ದಂಡನಾಯಕ ಪೋಲಾಳ್ವ. ಎಂಟು ಶತಮಾನಗಳು ಕಳೆದರೂ ಅವನ ಹೆಸರು ಉಳಿದಿದೆ. ಆದರೆ ಅಂತಹ ದಂಡನಾಯಕರ ಹಿಂದೆ ಹೋಗಿ ಮನೆಗೆ ಮರಳದ ಕಾಲಾಳುಗಳ ನೆನಪು ಎಲ್ಲಿದೆ? ಅದನ್ನು ನಾಡಿನ ಹಳ್ಳಿಹಳ್ಳಿಗಳಲ್ಲಿ ನಿಂತಿರುವ ವೀರಗಲ್ಲುಗಳಲ್ಲಿ ಹುಡುಕಬೇಕು.

ವೀರಗಲ್ಲೆಂದರೆ ಹೋರಾಡಿ ಮಡಿದವನ ನೆನಪಿಗೆ ನೆಟ್ಟ ಕಲ್ಲು. ಅವನು ಸೈನಿಕನೇ ಆಗಿರಬೇಕೆಂದಿಲ್ಲ. ದನಗಳ್ಳರಿಗೆ ಅಡ್ಡ ನಿಂತವನು, ಹೆಂಗಸರ ಮಾನ ಕಾಯಲು ಹೋದವನು, ಊರಿಗಾಗಿ ಪ್ರಾಣ ಕೊಟ್ಟವನು ಎಲ್ಲರಿಗೂ ಕಲ್ಲು ನಿಂತಿದೆ. ತುರುಗೋಳ್, ಪೆಣ್ಬುಯ್ಯಲ್, ಊರಳಿವು ಎಂಬ ಹಳಗನ್ನಡ ಮಾತುಗಳು ಅಂದಿನ ಕಲಹಗಳ ಕಾರಣವನ್ನೇ ಹೇಳುತ್ತವೆ.

ಸಾಮಾನ್ಯವಾಗಿ ಈ ಕಲ್ಲುಗಳಲ್ಲಿ ಮೂರು ಹಂತಗಳಿರುತ್ತವೆ. ಓದಬೇಕಾದದ್ದು ಕೆಳಗಿನಿಂದ ಮೇಲಕ್ಕೆ. ಕೆಳಗೆ ಕಾಳಗ, ನಡುವೆ ಸತ್ತವನನ್ನು ಅಪ್ಸರೆಯರು ಕರೆದೊಯ್ಯುವ ನೋಟ, ಮೇಲೆ, ಅಂದಿನವರ ನಂಬಿಕೆಯಂತೆ, ಅವನು ಸೇರಿದ ದೇವಲೋಕ. ಶಿಲ್ಪಿ ಎಷ್ಟೋ ಕಲ್ಲುಗಳಲ್ಲಿ ಮಡಿದವನನ್ನು ದೊಡ್ಡದಾಗಿಯೂ ಎದುರಾಳಿಗಳನ್ನು ಚಿಕ್ಕದಾಗಿಯೂ ಕೊರೆದಿದ್ದಾನೆ. ಗೆದ್ದವರಿಗಿಂತ ಪ್ರಾಣ ಕೊಟ್ಟವನೇ ದೊಡ್ಡವನೆಂಬುದು ಉಳಿ ಹೇಳುವ ಮಾತು.

ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು ಇನ್ನೂ ಸೋಜಿಗದ್ದು. ಕ್ರಿ.ಶ. 949-50ರ ಈ ಶಾಸನ ತಕ್ಕೋಲದ ಯುದ್ಧವನ್ನೂ ಅಲ್ಲಿ ಚೋಳರ ರಾಜಾದಿತ್ಯ ಮಡಿದುದನ್ನೂ ಹೇಳುತ್ತದೆ. ಆದರೆ ಚಿತ್ರದಲ್ಲಿ ರಾಜನಿಲ್ಲ, ಸೇನೆಯಿಲ್ಲ! ಇರುವುದು ಕಾಳಿ ಎಂಬ ಬೇಟೆನಾಯಿ ಮತ್ತು ಒಂದು ಹಂದಿ. ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರ ಎಂಬವನು ಗಂಗರಸ ಬೂತುಗನಿಂದ ಬೇಡಿ ಪಡೆದದ್ದು ಆ ನಾಯಿಯನ್ನು. ಹಂದಿಯೊಡನೆ ಕಾದಾಡಿ ಎರಡೂ ಸತ್ತಾಗ ಅವನು ಈ ಕಲ್ಲು ನಿಲ್ಲಿಸಿದ. ಸಾಮ್ರಾಜ್ಯಗಳ ಕದನಕ್ಕೆ ಅಕ್ಷರ, ಒಬ್ಬನ ಮನೆಯ ದುಃಖಕ್ಕೆ ಚಿತ್ರ! ಈಗ ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಎಲ್ಲ ಕಲ್ಲುಗಳಿಗೂ ಆ ಭಾಗ್ಯವಿಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿ ಎಂಟನೇ ಶತಮಾನದ ಕಿತ್ತಯ್ಯನ ವೀರಗಲ್ಲು ಬೆಳಕಿಗೆ ಬಂದದ್ದು 2018ರಲ್ಲಿ, ಚರಂಡಿ ಕೆಲಸಕ್ಕೆ ನೆಲ ಅಗೆದಾಗ. ಇತಿಹಾಸಾಸಕ್ತರೂ ಊರವರೂ ಅದನ್ನು ಕಾಪಾಡಿದರು. ಯಾರ ಕಣ್ಣಿಗೂ ಬೀಳದೆ ಮಣ್ಣುಪಾಲಾದವೆಷ್ಟೋ! ಬಟ್ಟೆ ಒಗೆಯುವ ಬಂಡೆಯಾಗಿ, ಚರಂಡಿಯ ಹಾಸುಗಲ್ಲಾಗಿ ಸವೆಯುತ್ತಿರುವವೂ ಇವೆ.

ರಾಜರ ಕಥೆ ಪಠ್ಯಪುಸ್ತಕದಲ್ಲಿ ಸಿಗುತ್ತದೆ. ಯುದ್ಧದ ಬೆಲೆ ತೆತ್ತ ಸಾಮಾನ್ಯರ ಕಥೆ ಈ ಕಲ್ಲುಗಳಲ್ಲಿದೆ. ಅಕ್ಷರ ಅಳಿಸಿಹೋಗಿದ್ದರೂ ಚಿತ್ರವನ್ನು ಮಕ್ಕಳು ಓದಬಲ್ಲರು. ನಿಮ್ಮೂರಲ್ಲಿ ವೀರಗಲ್ಲಿದ್ದರೆ ಒಂದು ದಿನ ಅವರನ್ನು ಅಲ್ಲಿಗೆ ಕರೆದೊಯ್ಯಿರಿ. ಸತ್ತವನು ಯಾರು, ಯಾರಿಗಾಗಿ ಸತ್ತ ಎಂದು ಅವರೇ ಕೇಳುತ್ತಾರೆ. ಮಕ್ಕಳು ಅರ್ಥ ಬಲ್ಲ ಕಲ್ಲನ್ನು ನಾಳೆ ಅಷ್ಟು ಸುಲಭವಾಗಿ ಯಾರೂ ಚರಂಡಿಗೆ ಹಾಸಲಾರರು.